ಸಾಂತಾ ಕ್ರೂಜ್‌ನ ಪತಂಗ, ನಮ್ಮೂರಿನ ಡ್ರೋನ್

"ಅಲ್ಲೆಲ್ಲ ವಿಮಾನದಲ್ಲೇ ಔಷಧಿ ಹೊಡೀತಾರಂತಲ್ಲ ಮಾರಾಯ್ತಿ, ಜನ ಸುಮ್ನೆ ಇರ್ತಾರಾ?" ಅಂತ ಅಣ್ಣ ಮೊನ್ನೆ ಫೋನಿನಲ್ಲಿ ಕೇಳಿದ. ತೀರ್ಥಹಳ್ಳಿ ಕಡೆ ನಮ್ಮೂರಿನಲ್ಲಿ ಅಡಿಕೆ ತೋಟಕ್ಕೆ ಡ್ರೋನಿನಲ್ಲಿ ಔಷಧಿ ಹೊಡೆಸುವ ಮಾತು ನಡೆಯುತ್ತಿದೆಯಂತೆ. ಎಲೆಚುಕ್ಕೆ ರೋಗ ಬಂದ ಮೇಲೆ ಎಲ್ಲರಿಗೂ ಕೈಕಾಲು ಆಡುತ್ತಿಲ್ಲ. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಊರಿನವರು ಓದಬೇಕು ಅನ್ನುವುದೇ ನನ್ನ ಆಸೆ.

ನಾನಿರುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ. ಮಾಂಟೆರೆ ಕೊಲ್ಲಿಯ ದಂಡೆಯ ಊರು. ಬೆಳಿಗ್ಗೆ ಸಮುದ್ರದಿಂದ ಮಂಜು ಏಳುತ್ತದೆ, ಹಿಂದೆ ಗುಡ್ಡ, ಗುಡ್ಡದ ತುಂಬ ಎತ್ತರದ ರೆಡ್‌ವುಡ್ ಮರಗಳು. ದಕ್ಷಿಣಕ್ಕೆ ಹೋದರೆ ವಾಟ್ಸನ್‌ವಿಲ್, ಸಲಿನಾಸ್. ಕಣ್ಣು ಹಾಯಿಸಿದಷ್ಟೂ ಸ್ಟ್ರಾಬೆರಿ, ಲೆಟ್ಯೂಸ್ ಹೊಲಗಳು. ಹೊಲದ ಬೇಲಿ ಮುಗಿದ ಕಡೆಯೇ ಶಾಲೆ, ಮನೆ. ಹಾಗಾಗಿ ಔಷಧಿಯ ವಿಷಯ ಇಲ್ಲಿ ಬರೀ ರೈತರ ವಿಷಯವಾಗಿ ಉಳಿಯುವುದಿಲ್ಲ.

ಅಣ್ಣನಿಗೆ ಹೇಳಿದ ವಿಮಾನದ ಸಿಂಪಡಣೆಯ ಕತೆ ನಡೆದದ್ದು ನಾನು ಇಲ್ಲಿಗೆ ಬರುವ ಮೊದಲು. ಆದರೆ ಹಳಬರು ಇವತ್ತಿಗೂ ಅದನ್ನು ಮರೆತಿಲ್ಲ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಬರ್ಕ್ಲಿ ಊರಿನಲ್ಲಿ ಒಂದು ಹೊಸ ಪತಂಗ ಇರುವುದು ಖಚಿತವಾಯಿತು. ನಿವೃತ್ತ ಕೀಟಶಾಸ್ತ್ರಜ್ಞರೊಬ್ಬರು ತಮ್ಮ ಮನೆಯ ಹಿತ್ತಲಲ್ಲಿ ಇಟ್ಟಿದ್ದ ಬಲೆಗೆ ಅದು ಬಿದ್ದಿತ್ತು. ಹೆಸರು ಲೈಟ್ ಬ್ರೌನ್ ಆಪಲ್ ಮಾತ್, ಮೂಲ ಆಸ್ಟ್ರೇಲಿಯಾ. ಉಗುರಿನಷ್ಟು ದೊಡ್ಡದೂ ಇಲ್ಲ. ಇದರ ಹುಳು ಎಲೆಯನ್ನು ಸುರುಳಿ ಸುತ್ತಿಕೊಂಡು ಒಳಗೆ ಕೂತು ತಿನ್ನುತ್ತದೆ. ಹಣ್ಣಿನ ಗಿಡ, ದ್ರಾಕ್ಷಿ, ಹೂವಿನ ಗಿಡ, ಕಾಡು ಮರ ಯಾವುದನ್ನೂ ಬಿಡುವುದಿಲ್ಲ ಅಂತ ಅಧಿಕಾರಿಗಳು ಹೆದರಿದರು. ಅದಕ್ಕಿಂತ ದೊಡ್ಡ ಹೆದರಿಕೆ ರಫ್ತಿನದ್ದು. ಮೆಕ್ಸಿಕೋ, ಕೆನಡಾ ದೇಶಗಳು ಇಲ್ಲಿಯ ಮಾಲಿಗೆ ಕಟ್ಟುಪಾಡು ಹಾಕಿದವು. ಹೊಲದಲ್ಲಿ ಒಂದು ಹುಳು ಕಂಡರೂ ಮಾಲು ಆಚೆ ಹೋಗುವ ಹಾಗಿಲ್ಲ ಅನ್ನುವ ಪರಿಸ್ಥಿತಿ.

ಪತಂಗ ನಮ್ಮ ಕಡೆಯೂ ಕಾಣಿಸಿಕೊಂಡಿತ್ತು. ಆಗ ರಾಜ್ಯದ ಕೃಷಿ ಇಲಾಖೆ ವಿಮಾನದಿಂದ ಸಿಂಪಡಣೆ ಶುರು ಮಾಡಿತು. ಸೆಪ್ಟೆಂಬರ್ 2007ರಲ್ಲಿ ಮಾಂಟೆರೆ ಕಡೆ, ನವೆಂಬರ್‌ನಲ್ಲಿ ಸಾಂತಾ ಕ್ರೂಜ್ ಮೇಲೆ. ಹೊಲದ ಮೇಲಲ್ಲ, ಊರಿನ ಮೇಲೆ. ಜನ ಮಲಗಿರುವ ರಾತ್ರಿ ಹೊತ್ತಿನಲ್ಲಿ.

ಹೊಡೆದದ್ದು ಹುಳು ಕೊಲ್ಲುವ ವಿಷ ಆಗಿರಲಿಲ್ಲ, ಇದನ್ನು ನ್ಯಾಯವಾಗಿ ಹೇಳಬೇಕು. ನಮ್ಮಲ್ಲಿ ತೋಟಗಳಲ್ಲಿ ಮೋಹಕ ಬಲೆ ಕಟ್ಟುತ್ತಾರಲ್ಲ, ಅದರಲ್ಲಿ ಇರುವಂಥದ್ದೇ ಹೆಣ್ಣು ಪತಂಗದ ವಾಸನೆ. ಗಾಳಿಯಲ್ಲೆಲ್ಲ ಅದೇ ವಾಸನೆ ತುಂಬಿದರೆ ಗಂಡಿಗೆ ಹೆಣ್ಣು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಸಂತತಿ ನಿಲ್ಲುತ್ತದೆ. ಉಪಾಯ ಒಳ್ಳೆಯದೇ. ಆದರೆ ಆ ವಾಸನೆ ನಿಧಾನವಾಗಿ ಹೊರಬರಲಿ ಅಂತ ಅದನ್ನು ಪ್ಲಾಸ್ಟಿಕ್‌ನಂಥ ಸೂಕ್ಷ್ಮ ಗುಳಿಗೆಗಳಲ್ಲಿ ತುಂಬಿದ್ದರು. ಜೊತೆಗೆ ಬೇರೆ ಬೇರೆ ರಾಸಾಯನಿಕಗಳು. ಅವು ಯಾವುವು ಅಂತ ಜನ ಕೇಳಿದರೆ ಮೊದಮೊದಲು ಸಿಕ್ಕ ಉತ್ತರ, ಅದು ಕಂಪನಿಯ ವ್ಯಾಪಾರದ ಗುಟ್ಟು ಅಂತ.

ಜಗಳ ಹತ್ತಿಕೊಂಡದ್ದೇ ಅಲ್ಲಿ. ನನ್ನ ಮಗುವಿನ ಮೇಲೆ ಬೀಳುವುದರಲ್ಲಿ ಏನಿದೆ ಅಂತ ನನಗೆ ಹೇಳುವುದಿಲ್ಲ ಅಂದರೆ ಯಾವ ತಾಯಿ ಒಪ್ಪುತ್ತಾಳೆ? ಸಿಂಪಡಣೆ ಆದ ಮೇಲೆ ಉಬ್ಬಸ, ಗಂಟಲು ಕೆರೆತ, ಚರ್ಮದ ತುರಿಕೆ ಅಂತ ನೂರಾರು ಜನ ದೂರು ಕೊಟ್ಟರು. ನಮ್ಮ ಪಕ್ಕದ ಬೀದಿಯ ಅಜ್ಜಿಯೊಬ್ಬರು ಆ ದಿನಗಳಲ್ಲಿ ಮನೆಮನೆಗೆ ಹೋಗಿ ಸಹಿ ಹಾಕಿಸಿದವರು. "ನಾವು ರೈತರ ವಿರುದ್ಧ ಇರಲಿಲ್ಲ. ನಮ್ಮನ್ನು ಕೇಳಲಿಲ್ಲ, ಅದೇ ನಮ್ಮ ಸಿಟ್ಟು" ಅಂತ ಅವರು ನನಗೆ ಹೇಳಿದ್ದರು. ಹೋರಾಟದಲ್ಲಿ ಸಾವಯವ ರೈತರೂ ಇದ್ದರು, ವೈದ್ಯರೂ ಇದ್ದರು, ಪುಟ್ಟ ಮಕ್ಕಳ ತಾಯಂದಿರು ತುಂಬಾ ಇದ್ದರು. ಇಷ್ಟು ಹರಡಿದ ಪತಂಗವನ್ನು ನಿರ್ನಾಮ ಮಾಡಲು ಆಗುವುದೇ ಇಲ್ಲ ಅಂತ ಹೇಳಿದ ಕೀಟಶಾಸ್ತ್ರಜ್ಞರೂ ಇದ್ದರು. ನ್ಯೂಜಿಲೆಂಡ್‌ನಲ್ಲಿ ಈ ಪತಂಗ ನೂರಕ್ಕೂ ಹೆಚ್ಚು ವರ್ಷದಿಂದ ಇದೆ, ಅಲ್ಲಿಯವರು ಅದರ ಜೊತೆ ಬೇಸಾಯ ಮಾಡುತ್ತಿದ್ದಾರೆ ಅನ್ನುವ ವಾದ ಬಂತು. ಇದಕ್ಕೆ ಸಲೀಸಾಗಿ ಉತ್ತರ ಕೊಡಲು ಅಧಿಕಾರಿಗಳಿಗೆ ಆಗಲಿಲ್ಲ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಅದೇ ನವೆಂಬರ್‌ನಲ್ಲಿ ಮಾಂಟೆರೆ ಕೊಲ್ಲಿಯಲ್ಲಿ ನೂರಾರು ಕಡಲ ಹಕ್ಕಿಗಳು ಸತ್ತು ದಡಕ್ಕೆ ಬಂದವು. ಸಿಂಪಡಣೆಯಿಂದಲೇ ಸತ್ತವು ಅಂತ ಬಹಳ ಜನ ನಂಬಿದರು. ಆಮೇಲೆ ವಿಜ್ಞಾನಿಗಳು ಪರೀಕ್ಷೆ ಮಾಡಿದಾಗ ಕಾರಣ ಬೇರೆ ಇತ್ತು. ಸಮುದ್ರದಲ್ಲಿ ಒಂದು ಬಗೆಯ ಪಾಚಿ ವಿಪರೀತ ಬೆಳೆದು, ಅದರ ನೊರೆ ರೆಕ್ಕೆಗೆ ಅಂಟಿಕೊಂಡು, ಹಕ್ಕಿಗಳು ನೀರಲ್ಲಿ ತೊಯ್ದು ಚಳಿಗೆ ಸತ್ತಿದ್ದವು. ಜನರ ಕಾಯಿಲೆಯ ದೂರುಗಳ ಬಗ್ಗೆಯೂ ಅಷ್ಟೇ. ಸಿಂಪಡಣೆಯಿಂದ ಆಯಿತು ಅಂತಲೂ, ಆಗಲಿಲ್ಲ ಅಂತಲೂ ಖಚಿತವಾಗಿ ಹೇಳಲಾಗದು ಅಂತ ಸರ್ಕಾರದ ವರದಿ ಹೇಳಿತು. ಹೋರಾಟಗಾರರು ಹೇಳಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಖಚಿತವಾಗಿ ಗೊತ್ತಿಲ್ಲದ್ದನ್ನು ಊರಿನ ಮೇಲೆ ಸುರಿಯುವ ಮೊದಲು ಪರೀಕ್ಷೆ ಮಾಡಿ ಅಂದದ್ದು ಸರಿ. ಆ ಪರೀಕ್ಷೆ ಮೊದಲೇ ಆಗಿದ್ದರೆ ಹಕ್ಕಿಗಳ ಬಗ್ಗೆ ಅಷ್ಟು ಗಾಬರಿಯೂ ಆಗುತ್ತಿರಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಕೋರ್ಟು. ತುರ್ತು ಪರಿಸ್ಥಿತಿ ಅಂತ ಹೇಳಿ ಪರಿಸರ ಪರಿಣಾಮದ ವರದಿ ಇಲ್ಲದೆಯೇ ಇಲಾಖೆ ವಿಮಾನ ಹಾರಿಸಿತ್ತು. ಹಾಗೆ ಮಾಡುವಂತಿಲ್ಲ, ಮೊದಲು ವರದಿ ಮಾಡಿ ಅಂತ 2008ರ ಏಪ್ರಿಲ್‌ನಲ್ಲಿ ಸಾಂತಾ ಕ್ರೂಜ್ ನ್ಯಾಯಾಲಯ ಹೇಳಿತು. ಅದೇ ತಿಂಗಳು ಗವರ್ನರ್ ಶ್ವಾರ್ಜ್‌ನೆಗರ್ ಕೂಡ ಔಷಧಿ ವಿಷಕಾರಿಯೇ ಅನ್ನುವ ಪರೀಕ್ಷೆಗಳು ಮುಗಿಯುವ ತನಕ ಸಿಂಪಡಣೆ ಮುಂದೂಡಿದರು. ಆ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ದೊಡ್ಡ ಊರುಗಳ ಮೇಲೆ ಹಾರಿಸುವ ಯೋಜನೆ ಇತ್ತು. ಊರೂರಿನ ನಗರಸಭೆಗಳು ಬೇಡ ಅಂತ ಠರಾವು ಮಾಡಿದವು. ಜೂನ್‌ನಲ್ಲಿ ಸರ್ಕಾರ ಊರುಗಳ ಮೇಲೆ ಸಿಂಪಡಿಸುವುದನ್ನೇ ಕೈಬಿಟ್ಟಿತು. ಬದಲಿಗೆ ಸಂತಾನಶಕ್ತಿ ಇಲ್ಲದ ಪತಂಗಗಳನ್ನು ಸಾಕಿ ಬಿಡುತ್ತೇವೆ ಅಂದರು. ಆ ಪತಂಗ ಈಗಲೂ ಇಲ್ಲಿದೆ. ಸ್ಟ್ರಾಬೆರಿಯೂ ಇದೆ.

ಇಲ್ಲಿಯ ಜನ ಇಷ್ಟು ಬೇಗ ಒಗ್ಗಟ್ಟಾಗಲು ಹಳೆಯ ನೆನಪೂ ಕಾರಣ. 1981ರಲ್ಲಿ ಹಣ್ಣಿನ ನೊಣ ಬಂತು ಅಂತ ಸಾಂತಾ ಕ್ಲಾರಾ ಕಣಿವೆಯ ಮೇಲೆ ರಾತ್ರಿ ಹೆಲಿಕಾಪ್ಟರ್‌ಗಳಲ್ಲಿ ಮ್ಯಾಲಥಿಯಾನ್ ಅನ್ನುವ ಕೀಟನಾಶಕ ಸುರಿದಿದ್ದರು. ಇವತ್ತು ನಮ್ಮ ಕನ್ನಡದವರು ತುಂಬಿಕೊಂಡಿರುವ ಸನಿವೇಲ್, ಕ್ಯುಪರ್ಟಿನೋ ಇರುವುದು ಅದೇ ಕಣಿವೆಯಲ್ಲಿ. ಏನೂ ಆಗುವುದಿಲ್ಲ ಅಂತ ತೋರಿಸಲು ಬಿ.ಟಿ. ಕಾಲಿನ್ಸ್ ಅನ್ನುವ ಸರ್ಕಾರಿ ಅಧಿಕಾರಿ ನೀರು ಬೆರೆಸಿದ ಮ್ಯಾಲಥಿಯಾನ್ ಒಂದು ಲೋಟ ಕುಡಿದರು. ಧೈರ್ಯ ಮೆಚ್ಚಬೇಕು. ಆದರೆ ಬೆಳೆದ ಒಬ್ಬ ಗಂಡಸು ಒಂದು ಲೋಟ ಕುಡಿದು ಬದುಕಿದ ಅಂದರೆ ಬಸುರಿ, ಬಾಣಂತಿ, ಹಸುಗೂಸು ಎಲ್ಲರಿಗೂ ಸರಿ ಅಂತ ಹೇಗಾಗುತ್ತದೆ?

ಇದೆಲ್ಲ ಅಮೆರಿಕದ ಶ್ರೀಮಂತರ ಹಟ ಅಂತ ಯಾರಾದರೂ ಅಂದರೆ ನಾನು ಕಾಸರಗೋಡಿನ ಕಡೆ ಕೈ ತೋರಿಸುತ್ತೇನೆ. ನಮ್ಮಿಂದ ಎಷ್ಟು ದೂರ? ಅಲ್ಲಿ ಸರ್ಕಾರಿ ನಿಗಮವೇ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆಸಿತು. ಓಡಿಸಬೇಕಾಗಿದ್ದು ಚಹಾ ಸೊಳ್ಳೆ ಅನ್ನುವ, ಗೇರಿನ ರಸ ಹೀರುವ ಕೀಟವನ್ನು. ಗುಡ್ಡದ ಮೇಲೆ ಹೊಡೆದದ್ದು ತಗ್ಗಿನ ತೋಡು, ಬಾವಿಗಳಿಗೆ ಇಳಿಯಿತು. ಅಲ್ಲಿಯ ಪಡ್ರೆ ಗ್ರಾಮದ ಡಾಕ್ಟರ್ ಮೋಹನ ಕುಮಾರ್ ತಮ್ಮ ರೋಗಿಗಳನ್ನು ನೋಡಿ ನೋಡಿ ಸಂಶಯ ಪಟ್ಟರು. ನಮ್ಮ ಅಡಿಕೆ ಬೆಳೆಗಾರರಿಗೆಲ್ಲ ಗೊತ್ತಿರುವ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಅದರ ಬಗ್ಗೆ ಬರೆದರು. ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನ್ ನಿಲ್ಲಿಸಿತು. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಕಡೆಯೂ ಅದೇ ಗೋಳು. ಸಾಂತಾ ಕ್ರೂಜ್‌ನವರು ಕೆಲವೇ ತಿಂಗಳಲ್ಲಿ ನಿಲ್ಲಿಸಿದ್ದನ್ನು ನಮ್ಮವರು ಇಪ್ಪತ್ತು ವರ್ಷ ಸಹಿಸಿದರು. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಹೊಸ ಕೀಟ ಬರುವುದು ನಿಲ್ಲುವುದೂ ಇಲ್ಲ. ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಗುರುತಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಕಂಡುಹಿಡಿದವರು ಅಲ್ಲಿಯ ಕೃಷಿ ವಿಶ್ವವಿದ್ಯಾಲಯದವರು. ನಾಳೆ ಇನ್ನೊಂದು ಬರುತ್ತದೆ. ಪ್ರತಿ ಸಲವೂ ತುರ್ತು, ಪ್ರತಿ ಸಲವೂ ಮೇಲಿಂದ ಹೊಡೆಯೋಣ ಅನ್ನುವ ಮಾತು ಬರುತ್ತದೆ.

ಹಾಗಂತ ಡ್ರೋನ್ ಬೇಡವೇ ಬೇಡ ಅಂತ ಅಣ್ಣನಿಗೆ ಹೇಳಲಿಲ್ಲ. ಅವನ ಕಷ್ಟ ನನಗೆ ಗೊತ್ತು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರ ಹತ್ತಿ, ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವ ಕೊನೆಗಾರರು ಸಿಗುವುದಿಲ್ಲ. ಸಿಕ್ಕವರು ಜಾರಿ ಬಿದ್ದು ಸೊಂಟ ಮುರಿದುಕೊಂಡ ಮನೆಗಳನ್ನು ನಾನೂ ನೋಡಿದ್ದೇನೆ. ಡ್ರೋನಿನಿಂದ ಒಂದು ಜೀವ ಉಳಿದರೆ ಅದು ದೊಡ್ಡ ಮಾತು. ನಾನು ಹೇಳುವುದು ಇಷ್ಟೇ. ದೋಟಿ ಹಿಡಿದು ಹೊಡೆದರೆ ನಿನ್ನ ಮರಕ್ಕೆ ಬೀಳುತ್ತದೆ. ಮೇಲಿಂದ ಹೊಡೆದರೆ ಗಾಳಿ ಬೀಸಿದ ಕಡೆಗೆಲ್ಲ ಹೋಗುತ್ತದೆ. ನಮ್ಮಲ್ಲಿ ಎಷ್ಟು ಮನೆಗೆ ಇವತ್ತಿಗೂ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರೇ ಕುಡಿಯುವ ನೀರು? ತೋಟದ ಮೂಲೆಯಲ್ಲಿ ಜೇನುಪೆಟ್ಟಿಗೆ ಇಟ್ಟವರು ಎಷ್ಟು ಜನ? ಬೋರ್ಡೋದ ಮೈಲುತುತ್ತ ಮೀನಿಗೆ ವಿಷ. ತೋಟದ ಬಸಿಗಾಲುವೆ ಹಳ್ಳಕ್ಕೆ, ಹಳ್ಳ ತುಂಗೆಗೆ. ಚಿಪ್ಪಲಗುಡ್ಡೆಯಲ್ಲಿ ನಾವು ಮಂಡಕ್ಕಿ ಹಾಕಿ ಬೆಳೆಸಿದ ಮೀನುಗಳಿರುವುದು ಅದೇ ನೀರಿನಲ್ಲಿ.

ನಮ್ಮಲ್ಲಿ ಕಾನೂನು ಇಲ್ಲ ಅಂತಲೂ ಅಲ್ಲ. 1971ರ ಕೀಟನಾಶಕ ನಿಯಮಗಳಲ್ಲಿ 43ನೇ ನಿಯಮ ಇರುವುದೇ ಆಕಾಶದಿಂದ ಸಿಂಪಡಿಸುವ ಬಗ್ಗೆ. ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು. ಜಾಗದ ಗುರುತು ಹಾಕಬೇಕು. ಒಪ್ಪಿಗೆ ಇರುವ ಔಷಧಿಯನ್ನು ಒಪ್ಪಿಗೆ ಇರುವ ಪ್ರಮಾಣದಲ್ಲಿ, ಹೇಳಿದ ಎತ್ತರದಿಂದಲೇ ಹೊಡೆಯಬೇಕು. ಕೆಲಸಕ್ಕೆ ಸಂಬಂಧ ಇಲ್ಲದ ಜನ, ದನಕರು ಅಲ್ಲಿಗೆ ಹೋಗದಂತೆ ನೋಡಿಕೊಳ್ಳಬೇಕು. ಕೈಕಾಲು ತೊಳೆಯುವ ಮತ್ತು ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇರಬೇಕು.

ಅಣ್ಣನಿಗೆ ಈ ನಿಯಮವನ್ನು ಬರೆದು ಕಳಿಸಿದ್ದೇನೆ. ಊರಿನ ಸಭೆಯಲ್ಲಿ ಬಾಡಿಗೆ ಎಷ್ಟು ಅನ್ನುವ ಲೆಕ್ಕಕ್ಕೆ ಕೂರುವ ಮೊದಲು ಇದನ್ನು ಓದಿ. ಡಬ್ಬಿಯಲ್ಲಿ ಏನಿದೆ, ಅದು ಅಡಿಕೆಗೆ ಒಪ್ಪಿಗೆ ಇರುವ ಔಷಧಿಯೇ, ಅಬ್ಬಿಯಿಂದ ಎಷ್ಟು ದೂರ ಬಿಡುತ್ತೀರಿ, ಗಾಳಿ ಜೋರಾದರೆ ನಿಲ್ಲಿಸುವವರು ಯಾರು ಅಂತ ಡ್ರೋನಿನವರನ್ನು ಕೇಳಿ. ತೋಟ ಇಲ್ಲದ ಮನೆಯವರನ್ನೂ, ಹೆಂಗಸರನ್ನೂ ಸಭೆಗೆ ಕರೆಯಿರಿ. ಉತ್ತರ ಬಾಯಿಮಾತಲ್ಲಿ ಬೇಡ, ಬರೆದು ಸಹಿ ಹಾಕಿಸಿಕೊಳ್ಳಿ.