ಗುಂಡನನ್ನು ಸೇರಿಸಿದ್ದು, ಗುಂಡನನ್ನು ಬಿಡಿಸಿದ್ದು

ಗಿನಿ ಪಿಗ್ ಮರಿ ಮಾಡಿಸುವ ಕೆಲಸ ಕೊನೆಗೂ ಶುರುವಾಗಿದೆ. ಗಂಡಿನ ಹೆಸರು ಗುಂಡ, ಮೈಯೆಲ್ಲಾ ಒಂದೇ ಕಂದು ಬಣ್ಣ. ಹೆಣ್ಣು ಚಿನ್ನಿ. ಅವಳ ಕಪ್ಪು ಕೂದಲಿನ ನಡುವೆ ಬಿಳಿ ಕೂದಲು ಬೆರೆತು, ಮೈಮೇಲೆ ಬೂದಿ ಎರಚಿದ ಹಾಗೆ ಕಾಣುತ್ತದೆ. ಈ ಬೆರಕೆ ಬಣ್ಣಕ್ಕೆ ರೋನ್ ಎನ್ನುತ್ತಾರೆ. ನೋಡಲು ಚಂದ, ಜೋಡಿ ಹುಡುಕುವಾಗ ಮಾತ್ರ ತಲೆನೋವು. ರೋನ್‌ಗೆ ರೋನ್ ಸೇರಿದರೆ ನಾಲ್ಕರಲ್ಲಿ ಒಂದು ಮರಿ ಪೂರ್ತಿ ಬಿಳಿಯಾಗಿ, ಕಣ್ಣು ಹಲ್ಲು ಸರಿಯಿಲ್ಲದೆ ಹುಟ್ಟುವ ಸಾಧ್ಯತೆ ಇದೆ. ಅಂಥ ಮರಿ ಬದುಕಿ ಬಾಳುವುದು ಕಷ್ಟ. ಬಿಳಿ ಜಾಸ್ತಿ ಇರುವ ಗಂಡಿನಲ್ಲಿ ಈ ಗುಣ ಕಣ್ಣಿಗೆ ಬೀಳದೆ ಅಡಗಿರಬಹುದು. ಹಾಗಾಗಿ ಬಿಳಿ ಗಂಡುಗಳನ್ನೆಲ್ಲಾ ಬಿಟ್ಟು, ತಂದೆ ತಾಯಿ ಯಾರೆಂದು ಗೊತ್ತಿದ್ದ ಗುಂಡನನ್ನೇ ಆರಿಸಿದೆ.

ಚಿನ್ನಿಗೆ ಆಗ ನಾಲ್ಕು ತಿಂಗಳು ದಾಟಿತ್ತು, ತೂಕ 640 ಗ್ರಾಂ. ಹೆಣ್ಣಿನ ವಯಸ್ಸಿನ ವಿಷಯದಲ್ಲಿ ಸಡಿಲ ಬಿಡುವಂತಿಲ್ಲ. ಮೊದಲ ಸಲ ಗಬ್ಬ ಆಗುವುದು ಆರು ತಿಂಗಳೊಳಗೇ ಆಗಿಬಿಡಬೇಕು. ಗಿನಿ ಪಿಗ್ ಮರಿ ಹುಟ್ಟುವಾಗಲೇ ಮೈತುಂಬಾ ಕೂದಲು, ಹಲ್ಲು, ತೆರೆದ ಕಣ್ಣು ಎಲ್ಲಾ ಇರುತ್ತದೆ. ತಾಯಿಯ ಗಾತ್ರಕ್ಕೆ ಅದು ದೊಡ್ಡ ಮರಿಯೇ. ಹೊರಗೆ ಬರಬೇಕಾದರೆ ಸೊಂಟದ ಮುಂಭಾಗದ ಎರಡು ಮೂಳೆಗಳ ನಡುವಿನ ಕೀಲು ಬಿಟ್ಟುಕೊಳ್ಳಬೇಕು. ಒಮ್ಮೆಯೂ ಮರಿ ಹಾಕದ ಹೆಣ್ಣಿಗೆ ವಯಸ್ಸಾಗುತ್ತಾ ಬಂದರೆ ಆ ಕೀಲು ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಆಪರೇಷನ್ ಒಂದೇ ದಾರಿ, ಇಷ್ಟು ಚಿಕ್ಕ ಜೀವಕ್ಕೆ ಅದೂ ಅಪಾಯವೇ. ನನ್ನ ಹತ್ತಿರ ವರ್ಷ ದಾಟಿದ, ಇನ್ನೂ ಮರಿ ಹಾಕದ ಇನ್ನೊಂದು ಹೆಣ್ಣಿದೆ. ಎಷ್ಟೇ ಆಸೆಯಾದರೂ ಅದನ್ನು ಗುಂಡನ ಹತ್ತಿರ ಬಿಡುವುದಿಲ್ಲ.

ಹೊಸ ಗಂಡನ್ನು ಎರಡು ವಾರ ಬೇರೆ ರೂಮಿನಲ್ಲಿ ಇಟ್ಟು ತುರಿ, ಹೇನು, ಸೀನು ಏನಾದರೂ ಇದೆಯಾ ನೋಡಬೇಕು. ಅದೂ ಆಯಿತು.

ಭೇಟಿ

ಚಿನ್ನಿಯ ಗೂಡಿಗೆ ಗುಂಡನನ್ನು ನೇರವಾಗಿ ಬಿಡಲಿಲ್ಲ. ಇಬ್ಬರಿಗೂ ಸೇರದ ಜಾಗ ಬೇಕಲ್ವಾ? ನೆಲದ ಮೇಲೆ ಒಗೆದ ಬೆಡ್‌ಶೀಟ್ ಹಾಸಿ, ನಡುವೆ ಒಣಹುಲ್ಲಿನ ಗುಡ್ಡೆ ಇಟ್ಟೆ. ಎರಡೂ ಕಡೆ ಬಾಗಿಲು ಕತ್ತರಿಸಿದ ರಟ್ಟಿನ ಡಬ್ಬಗಳನ್ನೂ ಇಟ್ಟೆ. ಒಂದೇ ಬಾಗಿಲಿನ ಡಬ್ಬವಾದರೆ ಒಳಗೆ ಹೋದದ್ದು ಸಿಕ್ಕಿಹಾಕಿಕೊಳ್ಳುತ್ತದೆ, ಕಚ್ಚಾಟ ಶುರುವಾಗುವುದು ಅಲ್ಲೇ. ಕೈಗೆ ಸಿಗುವ ಹಾಗೆ ದಪ್ಪ ಟವೆಲ್ ಇತ್ತು. ಜಗಳಕ್ಕೆ ಬಿದ್ದವುಗಳ ನಡುವೆ ಬರಿಗೈ ಹಾಕಿದರೆ ಬೆರಳಿಗೆ ಗಾಯ ಗ್ಯಾರಂಟಿ.

ಗುಂಡ ಒಂದು ಕ್ಷಣವೂ ಕಾಯಲಿಲ್ಲ. ಗಂಟಲಿನಿಂದ ಗುರ್ರ್ ಗುರ್ರ್ ಎನ್ನುತ್ತಾ, ಹಿಂಭಾಗ ಆ ಕಡೆ ಈ ಕಡೆ ಆಡಿಸುತ್ತಾ, ನಿಧಾನವಾಗಿ ಅವಳ ಸುತ್ತ ಸುತ್ತಿದ. ಕೈ ನೆಲಕ್ಕೆ ಇಟ್ಟರೆ ಆ ಗುರ್ರ್ ಸದ್ದಿನ ನಡುಕ ಬೆಡ್‌ಶೀಟಿನಲ್ಲೇ ಗೊತ್ತಾಗುತ್ತಿತ್ತು. ಚಿನ್ನಿ ಹುಲ್ಲು ತಿನ್ನುತ್ತಲೇ ಇದ್ದಳು. ಅವನು ಮೂಗನ್ನು ಅವಳ ಹಿಂಭಾಗಕ್ಕೆ ತಂದ ಕೂಡಲೇ ಸೊಂಟ ಎತ್ತಿ, ಗುರಿಯಿಟ್ಟು ಅವನ ಮುಖಕ್ಕೇ ಮೂತ್ರ ಚಿಮ್ಮಿಸಿದಳು. ಗುಂಡ ತಲೆ ಕೊಡವಿ, ಮೂತಿ ಒರೆಸಿಕೊಂಡು, ಮತ್ತೆ ಗುರ್ರ್ ಶುರು ಮಾಡಿದ. ನಾಚಿಕೆ ಅನ್ನೋದೇ ಇಲ್ಲ ಗಂಡಿಗೆ.

ಇದನ್ನೆಲ್ಲಾ ಮೊದಲ ಸಲ ನೋಡುವವರು ಹೆದರಿ ಎತ್ತಿಕೊಂಡುಬಿಡುತ್ತಾರೆ. ಬೆನ್ನಟ್ಟುವುದು, ಹತ್ತುವುದು, ಮೂತ್ರ ಹಾರಿಸುವುದು, ಕಿರುಚುವುದು ಎಲ್ಲಾ ಮಾಮೂಲಿ. ಹೆದರಬೇಕಾದದ್ದು ಬೇರೆ: ಎರಡೂ ಎದುರುಬದುರು ನಿಂತು ಕೂದಲು ಕೆದರಿಕೊಂಡು ಹಲ್ಲು ಕಟಕಟ ಅನ್ನಿಸಿದರೆ, ಒಂದು ಇನ್ನೊಂದರ ಮೇಲೆ ಎಗರಿದರೆ, ಆಗ ಟವೆಲ್ ಹಾಕಿ ಬಿಡಿಸಬೇಕು. ಚಿನ್ನಿ ಒಮ್ಮೆ ಹಲ್ಲು ಕಡಿದಳು, ಗುಂಡ ಹಿಂದೆ ಸರಿದ, ಅಷ್ಟಕ್ಕೇ ಮುಗಿಯಿತು. ಸಂಜೆಯ ಹೊತ್ತಿಗೆ ಒಂದೇ ಗುಡ್ಡೆಯ ಎರಡು ತುದಿಯಿಂದ ಹುಲ್ಲು ತಿನ್ನುತ್ತಿದ್ದವು. ತೊಳೆದು ಒರೆಸಿದ ದೊಡ್ಡ ಗೂಡಿಗೆ ಇಬ್ಬರನ್ನೂ ಒಟ್ಟಿಗೆ ಹಾಕಿದೆ.

ಜೊತೆಯಲ್ಲಿ

ಗಿನಿ ಪಿಗ್ ಹೆಣ್ಣು ಸುಮಾರು 16 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಂಡನ್ನು ಹತ್ತಿರ ಸೇರಿಸುವುದು ಅದರಲ್ಲಿ ಕೆಲವೇ ಗಂಟೆ, ಅದೂ ಹೆಚ್ಚಾಗಿ ರಾತ್ರಿ. ನಾವು ಎದ್ದು ನೋಡುವಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ. ಅದಕ್ಕೇ ಒಂದು ದಿನದ ಭೇಟಿಯಿಂದ ಏನೂ ಆಗುವುದಿಲ್ಲ, ಎರಡು ಬೆದೆ ಕಳೆಯುವಷ್ಟು ಕಾಲ ಜೊತೆಗೇ ಬಿಡಬೇಕು. ನನಗೆ ಸುಳಿವು ಸಿಕ್ಕಿದ್ದು ಗೂಡು ಗುಡಿಸುವಾಗ. ಹುಲ್ಲಿನ ನಡುವೆ ಬೆಳ್ಳಗೆ, ರಬ್ಬರಿನಷ್ಟು ಗಟ್ಟಿಯಾದ ಸಣ್ಣ ತುಂಡು ಬಿದ್ದಿತ್ತು. ಗಂಡಿನ ವೀರ್ಯ ಹೆಪ್ಪುಗಟ್ಟಿ ಹೆಣ್ಣಿನೊಳಗೆ ಬಿರಡೆಯಾಗಿ ಕೂತಿದ್ದು, ಆಮೇಲೆ ಉದುರುತ್ತದೆ. ಕ್ಯಾಲೆಂಡರ್ ಮೇಲೆ ಗುರುತು ಹಾಕಿದೆ. ಗಬ್ಬದ ಅವಧಿ 59ರಿಂದ 72 ದಿನ. ಹೊಟ್ಟೆಯಲ್ಲಿ ಮರಿ ಜಾಸ್ತಿ ಇದ್ದರೆ ಬೇಗ, ಒಂದೇ ಇದ್ದರೆ ತಡ.

ಅಡುಗೆಮನೆ ತಕ್ಕಡಿಯ ಮೇಲೆ ಡಬ್ಬ ಇಟ್ಟು ವಾರಕ್ಕೊಮ್ಮೆ ತೂಕ ನೋಡುತ್ತಿದ್ದೇನೆ. ಮೊದಲು ಏನೂ ಗೊತ್ತಾಗಲಿಲ್ಲ, ಆಮೇಲೆ ಏರತೊಡಗಿತು. ಹೊಟ್ಟೆ ಒತ್ತಿ ನೋಡುವ ಕೆಲಸ ಪ್ರಾಣಿ ಡಾಕ್ಟರ್‌ಗೇ ಬಿಟ್ಟೆ. ಮರಿ ಇದೆ ಎಂದರು.

ಗಿನಿ ಪಿಗ್ ದೇಹ ವಿಟಮಿನ್ ಸಿ ತಯಾರಿಸುವುದಿಲ್ಲ, ತಿನಿಸಿನಿಂದಲೇ ಸಿಗಬೇಕು. ಗಬ್ಬದಲ್ಲಿ ಇನ್ನೂ ಜಾಸ್ತಿ ಬೇಕು. ದಿನಾ ಕ್ಯಾಪ್ಸಿಕಂ ಕೊಡುತ್ತೇನೆ. ನೀರಿಗೆ ಹಾಕುವ ವಿಟಮಿನ್ ಹನಿಗಳು ಬೇಗ ಸತ್ವ ಕಳೆದುಕೊಳ್ಳುತ್ತವೆ, ಅದನ್ನು ನಂಬಿಲ್ಲ. ಮಾಮೂಲಿ ಒಣಹುಲ್ಲಿನ ಜೊತೆ ಸ್ವಲ್ಪ ಕುದುರೆ ಮಸಾಲೆ (ಲೂಸರ್ನ್) ಹುಲ್ಲೂ ಸೇರಿಸಿದ್ದೇನೆ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ.

ಬೇರೆ ಮಾಡಿದ್ದು

ಎಲ್ಲರೂ ಕೇಳುವುದು ಯಾವಾಗ ಸೇರಿಸಬೇಕು ಅಂತ. ಯಾವಾಗ ಬಿಡಿಸಬೇಕು ಅಂತ ಯಾರೂ ಕೇಳುವುದಿಲ್ಲ. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಗಂಡು ಪಕ್ಕದಲ್ಲೇ ಇದ್ದರೆ ಮೈ ಒಣಗುವ ಮುಂಚೆಯೇ ಮತ್ತೆ ಗಬ್ಬ. ಒಂದು ಕಡೆ ಹಾಲು ಕುಡಿಸಬೇಕು, ಇನ್ನೊಂದು ಕಡೆ ಹೊಟ್ಟೆಯಲ್ಲಿ ಹೊಸ ಮರಿ ಬೆಳೆಯಬೇಕು. ಹೀಗೇ ನಡೆದರೆ ಹೆಣ್ಣು ಸೊರಗಿ ಸಾಯುವುದೂ ಉಂಟು. ಚಿನ್ನಿಯ ಹೊಟ್ಟೆ ಎರಡೂ ಪಕ್ಕ ಉಬ್ಬಿ ಕಾಣುವಾಗಲೇ ಗುಂಡನನ್ನು ಪಕ್ಕದ ಗೂಡಿಗೆ ಹಾಕಿದೆ. ಕೊನೆಯ ದಿನಗಳವರೆಗೆ ಕಾಯಲಿಲ್ಲ, ಯಾಕಂದರೆ ತುಂಬುಗಬ್ಬದಲ್ಲಿ ಗೂಡು ಬದಲಾವಣೆ, ಗದ್ದಲ ಯಾವುದೂ ಆಗಬಾರದು. ಗುಂಡ ರಾತ್ರಿಯೆಲ್ಲಾ ಕೂಗಿದ. ಚಿನ್ನಿ ತಿರುಗಿಯೂ ನೋಡಲಿಲ್ಲ.

ಈಗ

ತೂಕ 1,020 ಗ್ರಾಂ. ಕೂತಾಗ ಹೊಟ್ಟೆ ನೆಲಕ್ಕೆ ಹರಡುತ್ತದೆ. ಅಂಗೈ ಆನಿಸಿದರೆ ಒಳಗಿನಿಂದ ಮರಿ ಒದೆಯುವುದು ಗೊತ್ತಾಗುತ್ತದೆ. ಎತ್ತಿಕೊಳ್ಳುವುದನ್ನು ನಿಲ್ಲಿಸಿದ್ದೇನೆ, ತೂಕಕ್ಕೆ ಮಾತ್ರ ಅವಳೇ ಡಬ್ಬದೊಳಗೆ ನಡೆದು ಬರುತ್ತಾಳೆ. ನನ್ನ ಭಯ ಒಂದೇ, ಗಬ್ಬದಲ್ಲಿ ಬರುವ ಟಾಕ್ಸೀಮಿಯಾ ಎಂಬ ಕಾಯಿಲೆ. ಕೊನೆಯ ವಾರಗಳಲ್ಲಿ ಹೆಣ್ಣು ತಿನ್ನುವುದು ಬಿಟ್ಟರೆ ನೋಡನೋಡುತ್ತಲೇ ಪ್ರಾಣ ಹೋಗಬಹುದು. ಊಟ ಬಿಟ್ಟಳು ಅಂದರೆ ಅವತ್ತೇ ಡಾಕ್ಟರ್ ಹತ್ತಿರ ಹೊರಡುವುದು, ಮಾರನೇ ದಿನ ನೋಡೋಣ ಅನ್ನುವ ಮಾತಿಲ್ಲ. ಸದ್ಯಕ್ಕೆ ಕ್ಯಾಪ್ಸಿಕಂ ತಟ್ಟೆ ಇಟ್ಟ ಸದ್ದಿಗೇ ಓಡಿ ಬರುತ್ತಿದ್ದಾಳೆ.

ಸೊಂಟದ ಮೂಳೆ ಇನ್ನೂ ಬಿಟ್ಟುಕೊಂಡಿಲ್ಲ. ಅಲ್ಲಿ ಒಂದು ಬೆರಳಗಲ ಸಂದಿ ಬಂದರೆ ಒಂದೆರಡು ದಿನದಲ್ಲಿ ಹೆರಿಗೆ. ಗಂಡು ಮರಿಗಳನ್ನು ಮೂರು ವಾರ ತುಂಬಿದ ಕೂಡಲೇ ತಾಯಿಯಿಂದ ಬೇರೆ ಮಾಡಬೇಕು, ಅಷ್ಟು ಎಳೆಯ ವಯಸ್ಸಿಗೇ ಅವು ತಾಯಿಯನ್ನೂ ಅಕ್ಕತಂಗಿಯರನ್ನೂ ಗಬ್ಬ ಮಾಡಬಲ್ಲವು. ಅವನ್ನು ಗುಂಡನ ಜೊತೆ ಬಿಡುವ ಯೋಚನೆ ಇದೆ. ಅದಕ್ಕೆ ಅವನ ಗೂಡು ದೊಡ್ಡದಾಗಬೇಕು. ತಂತಿ ಬಲೆ ತಂದಿಟ್ಟಿದ್ದೇನೆ, ಕತ್ತರಿಸುವುದು ಬಾಕಿ.