ಒಂದೇ ಮರದ ಬೀಜ, ಹತ್ತು ಥರದ ಸಸಿ

ತೀರ್ಥಹಳ್ಳಿ ಕಡೆ ತೋಟ ಇರುವವರಿಗೆ ಇದು ಗೊತ್ತಿರುವ ವಿಷಯ. ಒಳ್ಳೆ ಕೊನೆ ಬಿಡುವ ಮರ ನೋಡಿ, ಅದರದ್ದೇ ಹಣ್ಣಡಿಕೆ ಆರಿಸಿ ಸಸಿ ಮಾಡಿದರೂ ಒಂದು ಗಿಡ್ಡ, ಒಂದು ಉದ್ದ, ಒಂದು ಬೇಗ ಫಲಕ್ಕೆ ಬರುತ್ತದೆ, ಇನ್ನೊಂದು ಸುಮ್ನೆ ಜಾಗ ತಿನ್ನುತ್ತದೆ. ಮೆಣಸಿನ ಬಳ್ಳಿ ಹಾಗಲ್ಲ, ಕುಡಿ ಕತ್ತರಿಸಿ ನೆಟ್ಟರೆ ತಾಯಿಬಳ್ಳಿಯ ಗುಣವೇ ಬರುತ್ತದೆ. ಅಡಿಕೆಗೆ ಬೇರೆ ಮರದ ಪರಾಗ ಬೀಳುತ್ತದೆ, ನಿಜ. ಆದರೆ ತಾಯಿಮರವೂ ಎಲ್ಲ ಬೀಜಕ್ಕೂ ಒಂದೇ ಥರದ ಪಾಲು ಕೊಡುವುದಿಲ್ಲ. ಅದರ ಹಿಂದಿರುವುದು ಡಿಎನ್ಎ ರಿಪೇರಿ!

ಡಿಎನ್ಎಯ ಎರಡೂ ಎಳೆ ಒಟ್ಟಿಗೆ ತುಂಡಾಗುವುದುಂಟು. ಎಕ್ಸ್‌ರೇ ಬೇಕಂತಲೇ ಇಲ್ಲ, ನಕಲು ಮಾಡುವಾಗ ಅಡ್ಡಿಯಾದರೂ ಸಾಕು. ಆಗ ಜೀವಕೋಶಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಕಡಿದ ಹಗ್ಗಕ್ಕೆ ಗಂಟು ಹಾಕಿದ ಹಾಗೆ ತುದಿಗೆ ತುದಿ ಅಂಟಿಸುವುದು. ಬೇಗ ಮುಗಿಯುತ್ತದೆ, ಆದರೆ ಕೆಲವೊಮ್ಮೆ ಡಿಎನ್ಎ ಬರಹದ ನಾಲ್ಕಾರು ಅಕ್ಷರ ಕಳೆದುಹೋಗುತ್ತವೆ.

ಎರಡನೆಯದು ಹೋಮೊಲೋಗಸ್ ರೀಕಾಂಬಿನೇಷನ್, ಅಂದರೆ ಅದೇ ಥರದ ಇನ್ನೊಂದು ಡಿಎನ್ಎ ನೋಡಿ ಸರಿಪಡಿಸುವುದು. ಮೊದಲೇ ಮುರಿದ ತುದಿಯಲ್ಲಿ ಜೀವಕೋಶ ಒಂದು ಎಳೆಯನ್ನು ಇನ್ನಷ್ಟು ಸವೆಸುತ್ತದೆ, ವಿಚಿತ್ರ ಅಲ್ವಾ? ಒಂಟಿಯಾಗಿ ಉಳಿದ ಎಳೆಗೆ ರ್ಯಾಡ್51 ಎಂಬ ಪ್ರೋಟೀನ್ ಸಾಲಾಗಿ ಸುತ್ತಿಕೊಳ್ಳುತ್ತದೆ. ನಮ್ಮ ದೇಹದಲ್ಲಿ ಅದನ್ನು ಅಲ್ಲಿಗೆ ತಂದು ಕೂರಿಸುವುದು ಬಿಆರ್‌ಸಿಎ2 ಎಂಬ ಇನ್ನೊಂದು ಪ್ರೋಟೀನ್. ಅದರ ಜೀನ್‌ನಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ಜಾಸ್ತಿ. ಈ ಒಂಟಿ ಎಳೆ ತನ್ನಂಥದೇ ಬರಹ ಎಲ್ಲಿದೆ ಎಂದು ಹುಡುಕಿ, ಸಿಕ್ಕಿದ ಡಿಎನ್ಎಯೊಳಗೆ ನುಗ್ಗಿ, ಅದನ್ನು ನೋಡಿಕೊಂಡೇ ಕಳೆದ ಭಾಗವನ್ನು ಹೊಸದಾಗಿ ಬರೆಸಿಕೊಳ್ಳುತ್ತದೆ. ಸಾಮಾನ್ಯ ಜೀವಕೋಶದಲ್ಲಿ ಈ ಮಾದರಿ ಆಗಷ್ಟೇ ಮಾಡಿದ ಅವಳಿ ಪ್ರತಿ. ಹಾಗಾಗಿ ಡಿಎನ್ಎ ನಕಲಾದ ಮೇಲೆಯೇ ಈ ದಾರಿ ಹೆಚ್ಚು ನಡೆಯುವುದು.

ಪರಾಗ, ಅಂಡ ತಯಾರಾಗುವಾಗ ಮಾತ್ರ ಆಟವೇ ಬೇರೆ. ಸ್ಪೊ11 ಎಂಬ ಪ್ರೋಟೀನ್ ಬೇಕೆಂದೇ ಡಿಎನ್ಎ ಕತ್ತರಿಸುತ್ತದೆ! ರಿಪೇರಿಗೆ ಅವಳಿ ಪ್ರತಿಯನ್ನು ಬಿಟ್ಟು ಜೋಡಿ ಕ್ರೋಮೋಸೋಮನ್ನು (ಡಿಎನ್ಎ ಸುತ್ತಿಟ್ಟ ಕಟ್ಟು), ಅಂದರೆ ಅಪ್ಪನ ಕಡೆಯದಕ್ಕೆ ಅಮ್ಮನ ಕಡೆಯದನ್ನು ಹಿಡಿಯುವುದೇ ಜಾಸ್ತಿ. ಎರಡೂ ಶಿಲುಬೆಯಂತೆ ಹೆಣೆದುಕೊಳ್ಳುವ ಆ ಗಂಟನ್ನು ವಿಜ್ಞಾನಿ ರಾಬಿನ್ ಹಾಲಿಡೇ 1964ರಲ್ಲೇ ಊಹಿಸಿದ್ದರು. ಗಂಟು ಬಿಚ್ಚುವಾಗ ಕೆಲವು ಕಡೆ ತುಂಡುಗಳು ಅದಲುಬದಲಾಗುತ್ತವೆ. ಅಡಿಕೆಗೆ 16 ಜೋಡಿ ಕ್ರೋಮೋಸೋಮ್, ಯಾವ ಜೋಡಿಯಲ್ಲಿ ಎಲ್ಲಿ ಅದಲುಬದಲು ಎಂಬುದು ಬೀಜದಿಂದ ಬೀಜಕ್ಕೆ ಬೇರೆ.

ಇದೆಲ್ಲ ವೈವಿಧ್ಯಕ್ಕಾಗಿ ಎಂದಷ್ಟೇ ಶಾಲೆಯಲ್ಲಿ ಕಲಿಸುತ್ತಾರೆ. ನನಗೆ ಅದು ಅರ್ಧ ಮಾತು ಅನಿಸುತ್ತದೆ. ಈ ಅದಲುಬದಲೇ ಜೋಡಿಯನ್ನು ಬೇರೆಯಾಗುವವರೆಗೆ ಹಿಡಿದಿಡುವ ಕೊಂಡಿ ಕೂಡ. ಅದು ಇಲ್ಲದಿದ್ದರೆ ಕ್ರೋಮೋಸೋಮ್‌ಗಳು ಅಡ್ಡಾದಿಡ್ಡಿ ಹಂಚಿಹೋಗಿ, ಪರಾಗವೇ ಬರಡಾಗುತ್ತದೆ.