ಹನ್ನೊಂದು ದಿನಗಳ ಸುಳ್ಳು ಹಾಜರಿ

ನಮ್ಮ ಪ್ರೌಢಶಾಲೆಯ ಸ್ಮರಣ ಸಂಚಿಕೆಗೆ ಲೇಖನ ಕೇಳಿ ಪತ್ರ ಬಂದ ವಾರದಲ್ಲೇ ಗಣಿತದ ಮಾಸ್ತರರು ತೀರಿಕೊಂಡರು. ಅಲ್ಲಿಯವರೆಗೆ ವಾರ್ಷಿಕೋತ್ಸವ, ಆಟದ ಬಯಲು ಎಂದು ಏನೇನೋ ಬರೆಯಲು ಯೋಚಿಸಿದ್ದೆ. ಈಗ ಅವರನ್ನು ಬಿಟ್ಟು ಬೇರೇನನ್ನೂ ಬರೆಯಲಾರೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1996ರಲ್ಲಿ. ನಮ್ಮ ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಅದು ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಶಾಲೆಯಲ್ಲಿ ಬಿಸಿಯೂಟವಿರಲಿಲ್ಲ, ಎಂಟನೆಯ ತರಗತಿಯವರಿಗೆ ಸರ್ಕಾರದ ಸೈಕಲ್ಲೂ ಇರಲಿಲ್ಲ. ದೂರದ ಹಳ್ಳಿಗಳಿಂದ ನಡೆದು ಬರುತ್ತಿದ್ದವರಲ್ಲಿ ಅನೇಕರು ಹತ್ತಿ ಬಿಡಿಸುವ ಕಾಲ ಬಂದೊಡನೆ ಮಾಯವಾಗುತ್ತಿದ್ದರು. ಕೆಲವರು ತಂದೆ ತಾಯಿಯ ಜೊತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ ಯುಗಾದಿಗೆ ಮರಳಿದರೆ, ಇನ್ನು ಕೆಲವರು ಶಾಲೆಯ ಕಡೆಗೆ ಮರಳಿ ಬರಲೇ ಇಲ್ಲ.

ಮಾಸ್ತರರು ಪಾಠಕ್ಕಿಂತ ಮೊದಲು ಹಾಜರಿಯನ್ನು ನಂಬಿದವರು. ಉಳಿದ ಶಿಕ್ಷಕರು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದ ಆ ಕೆಲಸಕ್ಕೆ ಅವರು ಹತ್ತು ನಿಮಿಷ ಕೊಡುತ್ತಿದ್ದರು. ಒಂದು ಹೆಸರಿಗೆ ಉತ್ತರ ಬರದಿದ್ದರೆ ಪೆನ್ನು ಕೆಳಗಿಟ್ಟು, ಆ ಹುಡುಗನ ಓಣಿಯವರು ಯಾರಾದರೂ ಎದ್ದು ಕಾರಣ ಹೇಳುವವರೆಗೆ ಕಾಯುತ್ತಿದ್ದರು.

ಈ ಕಾಯುವಿಕೆಯೇ ನಮ್ಮ ಕಿಡಿಗೇಡಿತನಕ್ಕೆ ದಾರಿಯಾಯಿತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಹತ್ತಿ ಹೊಲಕ್ಕೆ ಹೋಗತೊಡಗಿದಾಗ, ಅವನ ಹೆಸರು ಬಂದೊಡನೆ ನಾನು ಮುಂದಿನವನ ಬೆನ್ನಿನ ಹಿಂದೆ ತಲೆ ತಗ್ಗಿಸಿ, ದನಿ ಬದಲಿಸಿ, "ಹಾಜರ್ ಸರ್" ಎನ್ನುತ್ತಿದ್ದೆ. ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಮಾಸ್ತರರು ಕರಿಹಲಗೆಯ ಮೇಲೆ ಒಂದು ವರ್ಗಸಮೀಕರಣ ಬರೆದು, ಬಿಡಿಸಲು ಬರುವಂತೆ ಅವನನ್ನೇ ಕರೆದರು. ತರಗತಿ ಸ್ತಬ್ಧವಾಯಿತು. ಅವರು ಬೆತ್ತ ಹಿಡಿಯಲಿಲ್ಲ, ನೇರವಾಗಿ ನನ್ನ ಮುಂದೆ ಬಂದು ನಿಂತು, "ಖರೆ ಹೇಳೋ ತಮ್ಮಾ, ಅವ ಎಲ್ಲಿ ಹೋಗ್ಯಾನ?" ಎಂದು ಕೇಳಿದರು.

ಆ ಸಂಜೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊಲಕ್ಕೆ ಹೋದರು. ಗೆಳೆಯ ಸೊಂಟಕ್ಕೆ ಕಟ್ಟಿದ ಬಟ್ಟೆಯ ತುಂಬ ಹತ್ತಿ ತುಂಬಿಕೊಂಡು ಸಾಲಿನ ನಡುವೆ ನಿಂತಿದ್ದ. ನಮ್ಮನ್ನು ಕಂಡು ಅವನ ಮುಖದಲ್ಲಿ ಮೂಡಿದ ನಾಚಿಕೆ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ಮಾಸ್ತರರು ಅವನ ತಂದೆಯೊಂದಿಗೆ ಬದುವಿನ ಮೇಲೆ ಕುಳಿತು ಕತ್ತಲಾಗುವವರೆಗೆ ಮಾತನಾಡಿದರು. ಕೂಲಿ ಬಿಡಿರೆಂದು ಹೇಳಲಿಲ್ಲ. ಹೇಳಿದ್ದರೆ ಆ ಮನೆಯಲ್ಲಿ ಒಲೆ ಉರಿಯುವುದು ಕಷ್ಟವೆಂದು ಅವರಿಗೆ ತಿಳಿದಿತ್ತು. ವಾರಕ್ಕೆ ನಾಲ್ಕು ದಿನ ಶಾಲೆ, ಉಳಿದ ದಿನ ಹೊಲ ಎಂಬ ಒಪ್ಪಂದವಾಯಿತು. ನನಗೆ ಬಂದ ಶಿಕ್ಷೆಯೆಂದರೆ, ಗೆಳೆಯ ತಪ್ಪಿಸಿಕೊಂಡ ಹನ್ನೊಂದು ದಿನಗಳ ಪಾಠವನ್ನು ಹನ್ನೊಂದು ಸಂಜೆ ಅವನ ಮನೆಯಲ್ಲಿ ಕುಳಿತು ಹೇಳಿಕೊಡುವುದು. ಅವನು ಮಾರ್ಚಿಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾಗಿ ಮುಂದಿನ ಪರೀಕ್ಷೆಯಲ್ಲಿ ಪಾಸಾದ. ನಾನು ಆ ವರ್ಷ ಶಾಲೆಗೆ ಮೊದಲಿಗನಾದೆ; ಅದರ ಹೆಮ್ಮೆ ಇಂದಿಗೂ ಇದೆ. ಆದರೆ ವಿವರಿಸಿ ಹೇಳುವ ಅಭ್ಯಾಸ ನನಗೆ ಹತ್ತಿದ್ದು ಅವನ ಮನೆಯ ಚಿಮಣಿ ಬೆಳಕಿನಲ್ಲಿ, ಮತ್ತು ಇಂದು ನಾನು ಇದೇ ಜಿಲ್ಲೆಯ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೇನೆ.

ಶಿಕ್ಷಕನಾಗಿ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯನ್ನು ನೋಡುತ್ತೇನೆ; ನಮ್ಮ ಹೆಸರನ್ನು ಕೆಳಗಿನಿಂದ ಹುಡುಕುವುದು ರೂಢಿಯಾಗಿಬಿಟ್ಟಿದೆ. 2024ರಲ್ಲಿ ಯಾದಗಿರಿ ಶೇ. 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ವರ್ಷವದು. ಫಲಿತಾಂಶ ಕುಸಿದದ್ದರಿಂದ, ಅಂಚಿನಲ್ಲಿ ಉಳಿದವರನ್ನು ಪಾಸು ಮಾಡಲು ಕೊಡುವ ಕೃಪಾಂಕವನ್ನು ಶೇ. 20ಕ್ಕೆ ಏರಿಸಲಾಗಿತ್ತು. ಮರುವರ್ಷ ಕೃಪಾಂಕ ನಿಂತಿತು, ರಾಜ್ಯದ ಫಲಿತಾಂಶ ಶೇ. 73.40ರಿಂದ ಆ ವರ್ಷದ ಮೊದಲ ಪರೀಕ್ಷೆಯಲ್ಲಿ ಶೇ. 62.34ಕ್ಕೆ ಇಳಿಯಿತು, ನಮ್ಮ ಜಿಲ್ಲೆ ಮಾತ್ರ ಶೇ. 51ರ ಆಸುಪಾಸಿನಲ್ಲಿ ನಿಂತಿತು. ಪಟ್ಟಿಯನ್ನು ಮೇಲಿನಿಂದ ಓದುವವರಿಗೆ ಇದು ಸೋಲಾಗಿ ಕಾಣಬಹುದು. ಊರುಗೋಲನ್ನು ಕಿತ್ತುಕೊಂಡ ಮೇಲೂ ಬೀಳದೆ ನಿಂತ ಮಕ್ಕಳನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ; ನನ್ನ ಪಾಲಿಗೆ ಅದು ಪ್ರಗತಿಯೇ. 2002ರಲ್ಲಿ ಗುಲಬರ್ಗಾ ಸೇರಿದಂತೆ ಈಶಾನ್ಯದ ಜಿಲ್ಲೆಗಳ ಶಾಲೆಗಳಲ್ಲಿ ಮೊದಲು ಆರಂಭವಾದ ಬಿಸಿಯೂಟ ಮತ್ತು ನಂತರ ಬಂದ ಸೈಕಲ್ಲುಗಳು, ಮಾಸ್ತರರು ಒಬ್ಬರೇ ಎಳೆಯುತ್ತಿದ್ದ ಭಾರದ ಒಂದು ಪಾಲನ್ನು ಹೊತ್ತಿವೆ.

ಆದರೂ ನನ್ನೊಳಗೊಂದು ಬೇಸರವಿದೆ. ಜನವರಿ ಬಂದೊಡನೆ ಸರಣಿ ಪರೀಕ್ಷೆ, ವಿಶೇಷ ತರಗತಿ, ಪಾಸಾಗಲು ಬೇಕಾದಷ್ಟನ್ನೇ ಆಯ್ದು ಕೊಡುವ ಪಾಸಿಂಗ್ ಪ್ಯಾಕೇಜ್, ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸುವ ಫೋನ್ ಕರೆ ಎಂದು ನಾವೆಲ್ಲ ಧಾವಂತಕ್ಕೆ ಬೀಳುತ್ತೇವೆ. ಇವುಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ. ಪಾಸಿಂಗ್ ಪ್ಯಾಕೇಜ್ ಹಿಡಿದು ದಡ ಸೇರಿದ ಮಕ್ಕಳು ನನ್ನ ಶಾಲೆಯಲ್ಲೂ ಇದ್ದಾರೆ. ಆದರೆ ಮಗು ಕೈತಪ್ಪುವುದು ಜನವರಿಯಲ್ಲಲ್ಲ, ನವೆಂಬರಿನ ಯಾವುದೋ ಸೋಮವಾರ, ಅದರ ಹೆಸರಿಗೆ ಉತ್ತರ ಬಾರದ ಆ ಗಳಿಗೆಯಲ್ಲಿ. ಆಗ ಪೆನ್ನು ಕೆಳಗಿಟ್ಟು ಕಾಯಲು ನಮಗೆ ಬಿಡುವಿಲ್ಲ. ಗೈರುಹಾಜರಿಯನ್ನು ಮೊಬೈಲಿನಲ್ಲಿ ದಾಖಲಿಸಿ ಪಾಠಕ್ಕೆ ತಿರುಗುತ್ತೇವೆ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರು ತುಂಬುವ ಶಾಲೆಗಳಲ್ಲಂತೂ, ಆ ಮಗುವಿನ ಮನೆ ಯಾವ ಓಣಿಯಲ್ಲಿದೆಯೆಂದು ತಿಳಿಯುವಷ್ಟರಲ್ಲಿ ವರ್ಷ ಮುಗಿದಿರುತ್ತದೆ.

ಮಾಸ್ತರರ ಮನೆಯ ಅಂಗಳದಲ್ಲಿ ಆ ಗೆಳೆಯ ಸಿಕ್ಕ. ಈಗಲೂ ಸುಗ್ಗಿ ಮುಗಿದ ಮೇಲೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಮಗಳು ನಮ್ಮ ಶಾಲೆಯಲ್ಲೇ ಹತ್ತನೆಯ ತರಗತಿಯಲ್ಲಿದ್ದಾಳೆ. "ಈ ಸಲ ಆಕೀನ ಕರಕೊಂಡು ಹೋಗಂಗಿಲ್ಲ, ಅವ್ವನ ಹತ್ರ ಬಿಟ್ಟು ಹೋಗ್ತೀನಿ. ಒಂದು ದಿನಾನೂ ತಪ್ಪಿಸಬ್ಯಾಡ ಅಂದೀನಿ," ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗಣಿತ ಮಾತ್ರ ಅವಳಿಗೆ ಕಷ್ಟವಾಗುತ್ತಿದೆಯೆಂದು ಹೇಳಿದ. ಮುಂದಿನ ಭಾನುವಾರದಿಂದ ನಾನು ಅವನ ಮನೆಗೆ ಹೋಗುತ್ತಿದ್ದೇನೆ.